ಪೈಥಾನಿನ ದ್ವೈತಕಾಲ

2008ರ ಡಿಸೆಂಬರಿನಲ್ಲಿ ಪೈಥಾನ್ ಭಾಷೆಯ ಮೂರನೆಯ ಆವೃತ್ತಿಯನ್ನು ಪ್ರಕಟಿಸಿದಾಗ, ಅದರ ಪ್ರವರ್ತಕರಾದ ಗೈಡೊ ವಾನ್ ರಾಸಮ್ ಮತ್ತು ಅವರ ಸಂಗಡಿಗರು, ಎರಡನೆಯ ಆವೃತ್ತಿಗೆಂದು ಬರೆದ ಪ್ರೋಗ್ರಾಮುಗಳು ಇದರಲ್ಲಿ ಹಾಗೆಯೇ ನಡೆಯಲಾರವೆಂಬುದನ್ನು ಮರೆಮಾಚಿರಲಿಲ್ಲ. ಬುದ್ಧಿಪೂರ್ವಕವಾಗಿ ಕೈಕೊಂಡ ಈ ವಿಚ್ಛೇದದ ಕಾರಣಗಳಲ್ಲಿ ಮುಖ್ಯವಾದುದನ್ನು ಕನ್ನಡಿಗರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ಯುಟಿಎಫ್-8 ಸಂಕೇತದಲ್ಲಿ 'ಕನ್ನಡ' ಎಂದು ಬರೆದು ಅದರ ಉದ್ದವೆಷ್ಟೆಂದು ಕೇಳಿದರೆ ಹಳೆಯ ಪೈಥಾನ್ ಹದಿನೈದು ಎನ್ನುತ್ತಿತ್ತು. ಆಂಗ್ಲ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ನಮ್ಮ ಒಂದೊಂದು ಸಂಕೇತಕ್ಕೆ ಮೂರು ಬೇಕಾಗುವುದರಿಂದ, ಬೈಟುಗಳನ್ನೇ ಅಕ್ಷರಗಳೆಂದು ಭ್ರಮಿಸಿದ ಈ ಎಣಿಕೆಯ ದೋಷವು ಇಂಗ್ಲಿಷಿನಲ್ಲಿಯೇ ವ್ಯವಹರಿಸುವವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹೊಸ ಪೈಥಾನ್ ಐದು ಎನ್ನುತ್ತದೆ: ಕ, ನ, ಹಲಂತದ ಚಿಹ್ನೆ, ಮತ್ತೊಂದು ನ, ಡ. (ಶಾಲೆಯ ಮಗು ಮೂರು ಎನ್ನುತ್ತದೆ, ಯಂತ್ರವು ಇನ್ನೂ ಆ ತರಗತಿಗೆ ತೇರ್ಗಡೆಯಾಗಿಲ್ಲ.)

ಉದ್ದೇಶವು ಹೀಗೆ ನ್ಯಾಯವಾದುದೇ ಆಗಿದ್ದರೂ ಅದರ ಬೆಲೆಯನ್ನು ತೆತ್ತವರು ಬೇರೆಯವರು. ಪ್ರೋಗ್ರಾಮೊಂದು ಹತ್ತಾರು ಲೈಬ್ರರಿಗಳನ್ನು ಆಶ್ರಯಿಸಿರುವಾಗ ಅವುಗಳಲ್ಲೊಂದು ಹೊಸದಕ್ಕೆ ಬಾರದಿದ್ದರೂ ಇಡೀ ಪ್ರೋಗ್ರಾಮು ಹಿಂದೆಯೇ ನಿಲ್ಲಬೇಕಾಗಿದ್ದುದರಿಂದ, ಎಲ್ಲರೂ ಪರಸ್ಪರರ ದಾರಿ ಕಾಯುತ್ತ ಕುಳಿತರು. ಏಳನ್ನು ಎರಡರಿಂದ ಭಾಗಿಸಿ ಮೂರು ಎನ್ನುತ್ತಿದ್ದ ಭಾಷೆಯು ಮೂರೂವರೆ ಎನ್ನತೊಡಗಿದಾಗ, ಯಾವ ಎಚ್ಚರಿಕೆಯೂ ಇಲ್ಲದೆ ಲೆಕ್ಕಗಳು ವ್ಯತ್ಯಾಸಗೊಂಡವು. ಅದಕ್ಕಿಂತಲೂ ವಿಪರೀತವಾದುದೆಂದರೆ, ಹಳೆಯ ಪೈಥಾನಿನಲ್ಲಿಯೇ ಪಠ್ಯದ ಮೊದಲಿಗೆ 'ಯು' ಎಂಬ ಗುರುತನ್ನಿಟ್ಟು ಜಗತ್ತಿನ ಲಿಪಿಗಳಿಗೆ ಸಂಕೇತ ನೀಡುವ ಯೂನಿಕೋಡನ್ನು ಶ್ರದ್ಧೆಯಿಂದ ಬಳಸಿದವರ ಪ್ರೋಗ್ರಾಮುಗಳನ್ನು, ಆ ಗುರುತಿನ ಕಾರಣದಿಂದಲೇ ಹೊಸದು ತಿರಸ್ಕರಿಸಿತು! ಆ ಒಂದಕ್ಷರಕ್ಕೆ ಮರುಪ್ರವೇಶ ದೊರೆತದ್ದು 2012ರಲ್ಲಿ, 3.3ನೆಯ ಆವೃತ್ತಿಯಲ್ಲಿ. ಎರಡನೆಯ ಆವೃತ್ತಿಯ ಪೋಷಣೆಯನ್ನು 2015ಕ್ಕೆ ನಿಲ್ಲಿಸುವ ಸಂಕಲ್ಪವನ್ನೂ 2020ಕ್ಕೆ ಮುಂದೂಡಬೇಕಾಯಿತು.

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲಿನ ನೀತಿ ಬೇರೆ. ಬಳಕೆದಾರರ ಪ್ರೋಗ್ರಾಮುಗಳು ನೆಚ್ಚಿಕೊಂಡಿರುವ ವರ್ತನೆಯನ್ನು ಕೆಡಿಸಕೂಡದೆಂದು ಅದರ ಜನಕರಾದ ಲಿನಸ್ ಟೋರ್ವಾಲ್ಡ್ಸ್ ಕಠೋರವಾಗಿ ವಿಧಿಸಿದ್ದಾರೆ. ಆದರೆ ಒಳಗಿನ ರಚನೆಗೆ ಅಂಥ ಯಾವ ರಕ್ಷೆಯೂ ಇಲ್ಲ, ಅಲ್ಲಿ ಮಾರ್ಪಾಡು ಮಾಡಿದವರೇ ಅದನ್ನು ಅವಲಂಬಿಸಿದ ಕರ್ನಲಿನೊಳಗಣ ಡ್ರೈವರುಗಳನ್ನೆಲ್ಲ ತಿದ್ದಿಕೊಡಬೇಕು. ಕೆಡವಿದವನೇ ಕಟ್ಟಿಕೊಡಬೇಕೆಂಬ ಈ ಏರ್ಪಾಡು ನನಗೆ ಧರ್ಮಸಮ್ಮತವಾಗಿ ತೋರುತ್ತದೆ. ಅದು ಜಡವೂ ಅಲ್ಲ: 1991ರಲ್ಲಿ ತಾನು ಹುಟ್ಟಿದ 386 ಪ್ರೊಸೆಸರಿನ ಬೆಂಬಲವನ್ನೇ ಲಿನಕ್ಸ್ 2013ರಲ್ಲಿ ಕೈಬಿಟ್ಟಿತು.

ರಸ್ಟ್ ಭಾಷೆಯವರು ಇನ್ನೊಂದು ಉಪಾಯವನ್ನು ಕಂಡುಕೊಂಡರು. 2015, 2018, 2021, 2024 ಎಂಬ ಅದರ 'ಎಡಿಶನ್'ಗಳಲ್ಲಿ ತನಗೆ ಬೇಕಾದುದನ್ನು ಪ್ರತಿಯೊಂದು ಲೈಬ್ರರಿಯೂ ಆರಿಸಿಕೊಳ್ಳಬಹುದು; ಬೇರೆಬೇರೆ ಎಡಿಶನ್ನಿನವು ಒಂದೇ ಪ್ರೋಗ್ರಾಮಿನಲ್ಲಿ ಸೇರಿ ನಡೆಯುತ್ತವೆ. ಪಠ್ಯದ ಸ್ವರೂಪವನ್ನೇ ಬದಲಿಸಹೊರಟ ಪೈಥಾನಿಗೆ ಇದು ಪೂರ್ಣವಾಗಿ ಒದಗುತ್ತಿರಲಿಲ್ಲವೆಂಬುದು ದಿಟ, ಏಕೆಂದರೆ ಪಠ್ಯವು ಲೈಬ್ರರಿಯಿಂದ ಲೈಬ್ರರಿಗೆ ದಾಟುತ್ತಲೇ ಇರುವ ವಸ್ತು. ಆದರೆ ಪ್ರಿಂಟ್ ಆಜ್ಞೆಗೆ ಹೊಸದಾಗಿ ಕಡ್ಡಾಯವಾದ ಆವರಣಚಿಹ್ನೆ, ಭಾಗಾಕಾರದ ಅರ್ಥ ಮೊದಲಾದುವುಗಳಿಗೆ ಅಂಥ ತೊಡಕಿರಲಿಲ್ಲ. ಹೊಸ ನಿಯಮವನ್ನು ಕಡತಕಡತಕ್ಕೂ ಪ್ರತ್ಯೇಕವಾಗಿ ಸ್ವೀಕರಿಸಲು ಅನುವಾಗುವ 'ಫ್ಯೂಚರ್' ಎಂಬ ಘೋಷಣೆಯನ್ನು ಪೈಥಾನ್ 2001ರಿಂದಲೇ ಪಡೆದಿತ್ತು. ಅದನ್ನೇ ತಿರುಗುಮುರುಗಾಗಿಸಿ, ಹಳೆಯ ನಿಯಮವನ್ನು ಬೇಡುವ ಕಡತಗಳಿಗೆ ಮೂರನೆಯ ಆವೃತ್ತಿಯಲ್ಲಿ ಕೆಲವು ವರ್ಷ ಆಶ್ರಯ ಕೊಡುವ ದಾರಿಯನ್ನು ಅದರ ಕರ್ತೃಗಳು ಹಿಡಿಯಲಿಲ್ಲ.