ಬೆವರು ಆರದ ಊರಿನಲ್ಲಿ ಓಟ

2019ರ ಸೆಪ್ಟೆಂಬರ್‌ನಲ್ಲಿ ದೋಹಾದ ವಿಶ್ವ ಅಥ್ಲೆಟಿಕ್ಸ್‌ನ ಮಹಿಳಾ ಮ್ಯಾರಥಾನ್ ಆರಂಭವಾದದ್ದು ನಡುರಾತ್ರಿಯಲ್ಲಿ. ಆದರೂ ಕಣಕ್ಕಿಳಿದ 68 ಮಂದಿಯಲ್ಲಿ 28 ಮಂದಿ ಗುರಿ ಮುಟ್ಟಲಿಲ್ಲ. ಬಿಸಿಲಿಲ್ಲದ ಸೆಕೆಯೂ ಎಷ್ಟು ನಿಷ್ಠುರ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಬೆವರು ಆರಿದಾಗಲೇ ದೇಹ ತಣಿಯುವುದು. ತೇವ ತುಂಬಿದ ಗಾಳಿಯಲ್ಲಿ ಅದು ಆರದೆ ತೊಟ್ಟಿಕ್ಕುತ್ತದೆ; ಶಾಖ ಮೈಯೊಳಗೇ ಉಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತಂಪಿನಲ್ಲಿ ಪಳಗಿದ ನಾವು ಅದೇ ವೇಗದಲ್ಲಿ ಮಂಗಳೂರಿನಲ್ಲೋ ಚೆನ್ನೈನಲ್ಲೋ ಓಡಹೊರಡುವುದನ್ನು ಸಾಹಸವೆಂದು ಕರೆಯಲು ನಾನು ಸಿದ್ಧನಿಲ್ಲ. ಸೆಕೆಗೆ ದೇಹ ಒಗ್ಗಲು 10ರಿಂದ 14 ದಿನಗಳು ಬೇಕು. ಅಷ್ಟು ಬಿಡುವಿಲ್ಲದವರು ವೇಗ ತಗ್ಗಿಸಬೇಕು; ಬಾಯಾರಿದಾಗ ಕುಡಿಯಬೇಕು. ಮಿತಿಮೀರಿ ನೀರು ಕುಡಿದು ರಕ್ತದ ಸೋಡಿಯಂ ಇಳಿದರೆ ಅದೂ ಅಪಾಯವೇ. ಮಾತು ತೊದಲಿದರೆ ಓಟ ಅಲ್ಲಿಗೇ ಮುಗಿಯಬೇಕು. ತಡಮಾಡದೆ ತಣ್ಣೀರಿನಿಂದ ಮೈ ತಣಿಸಬೇಕು.

ಹೊಣೆ ಓಟಗಾರರೊಬ್ಬರದೇ ಅಲ್ಲ. ಟೋಕಿಯೊದ ಸೆಕೆಗೆ ಅಂಜಿ ಸಪ್ಪೊರೊಗೆ ಒಯ್ದಿದ್ದ 2021ರ ಒಲಿಂಪಿಕ್ ಮಹಿಳಾ ಮ್ಯಾರಥಾನನ್ನು, ಅಲ್ಲಿಯೂ ತಾಪದ ಭೀತಿ ಎದುರಾದಾಗ, ಮುನ್ನಾದಿನವಷ್ಟೇ ನಿರ್ಧರಿಸಿ ಒಂದು ಗಂಟೆ ಮುಂಚಿತಗೊಳಿಸಲಾಯಿತು. ನಮ್ಮ ಸಂಘಟಕರೂ ಆರ್ದ್ರತೆ ಹೆಚ್ಚಿದರೆ ಓಟವನ್ನು ಮೊಟಕುಗೊಳಿಸುವ, ಮುಂದೂಡುವ ನಿಯಮವನ್ನು ಪ್ರವೇಶಪತ್ರದಲ್ಲೇ ಮುದ್ರಿಸಲಿ. ಪದಕ ಮುಂದಿನ ವರ್ಷವೂ ಸಿಕ್ಕೀತು.