ಮಸ್ಕಿಯ ಬಂಡೆಯೂ ಕಲಾ ವಿಭಾಗದ ಖಾಲಿ ಬೆಂಚುಗಳೂ

ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದೊಡನೆ ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ನಮ್ಮ ಮನೆಗಳಲ್ಲಿ ನಡೆಯುವ ಸಮಾಲೋಚನೆ ವರುಷವರುಷವೂ ಒಂದೇ ಬಗೆಯದು. ಅಂಕ ಹೆಚ್ಚಿದ್ದರೆ ವಿಜ್ಞಾನ, ಮಧ್ಯಮವಾದರೆ ವಾಣಿಜ್ಯ, ಎರಡೂ ಕೈಗೆಟುಕದಿದ್ದರೆ ಕಲಾ ವಿಭಾಗ. ಇತಿಹಾಸವನ್ನು ಬಯಸಿಯೇ ಆರಿಸಿಕೊಂಡೆನೆನ್ನುವ ಹುಡುಗಿಯ ಮನೆಗೆ ಬಂಧುಗಳು ಸಾಂತ್ವನ ಹೇಳಲು ಹೋಗುತ್ತಾರೆ! ನೀಟ್ ತರಬೇತಿಗೆ ಸಾಲ ಮಾಡಲು ಹಿಂಜರಿಯದ ತಂದೆ, ಮಗಳ ಬಿ.ಎ. ಪದವಿಗೆ ಬಸ್ ಪಾಸಿನ ವೆಚ್ಚವೂ ದಂಡವೆಂದು ಭಾವಿಸುತ್ತಾನೆ.

ಬೇರೆಲ್ಲಿಯಾದರೂ ಇದನ್ನು ಕ್ಷಮಿಸಬಹುದಿತ್ತು, ಮಸ್ಕಿಯಲ್ಲಿ ಕಷ್ಟ. ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದ್ದು 1837ರಲ್ಲಿ. ಆದರೂ ಆಗ ತಿಳಿದಿದ್ದ ಶಾಸನಗಳಲ್ಲಿ ದೊರೆತದ್ದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು ಮಾತ್ರ. ಈ ಅರಸನೇ ಅಶೋಕನೆಂಬುದಕ್ಕೆ ಸಿಂಹಳದ ಪಾಲಿ ಗ್ರಂಥಗಳೇ ಆಧಾರವಾಗಿದ್ದವು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ನಮ್ಮ ಮಸ್ಕಿಯ ಬಂಡೆಯ ಮೇಲಿನ ಬರಹವನ್ನು ಗುರುತಿಸಿದರು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದರಲ್ಲಿ ಬಿರುದಿನೊಡನೆ ಅಶೋಕನ ಹೆಸರೇ ಇತ್ತು. (ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೋಳಗಳಲ್ಲಿ ಅದೇ ಹೆಸರು ದೊರೆತದ್ದು ಅನಂತರ.) ಕಲ್ಲನ್ನು ಕಂಡವನು ಇಂಜಿನಿಯರನೇ, ನಿಜ. ಆದರೆ ಯಾರೂ ಆಡದ ಭಾಷೆಯನ್ನು, ಯಾರೂ ಬರೆಯದ ಲಿಪಿಯನ್ನು ಲಾಭದ ಲೆಕ್ಕವಿಡದೆ ಕಲಿತವರು ಇಲ್ಲದಿದ್ದರೆ ಅದು ಕುರಿ ಕಾಯುವವರಿಗೆ ನೆರಳು ಕೊಡುವ ಕಲ್ಲಾಗಿಯೇ ಉಳಿಯುತ್ತಿತ್ತು. ಆ ಶಾಸನ ಹೇಳುವುದಾದರೂ ಏನು? ಉನ್ನತವಾದುದು ದೊಡ್ಡವರ ಸ್ವತ್ತಲ್ಲ, ಧರ್ಮದಲ್ಲಿ ನಿರತನಾದ ಸಣ್ಣವನಿಗೂ ಅದು ಸಾಧ್ಯವೆಂದು.

ಹೊಟ್ಟೆಪಾಡಿನ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಮಳೆ ಕೈಕೊಟ್ಟ ಹೊಲದ ಒಡೆಯನಿಗೆ ಮಗನ ಸಂಬಳ ಬೇಕು. ಆದರೆ ಬೇಡವೆಂದು ಬಿಟ್ಟ ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರಗಳನ್ನೇ ಆ ಮಗ ಇಪ್ಪತ್ತೈದನೆಯ ವಯಸ್ಸಿನಲ್ಲಿ ಧಾರವಾಡದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಾಗಿ ಬಾಯಿಪಾಠ ಮಾಡುವುದನ್ನೂ ನಾವು ನೋಡುತ್ತಿದ್ದೇವೆ.

ನಮ್ಮ ಧರ್ಮಸಭೆ ಗುರುಮಠಗಳಲ್ಲಿ ದೈವಶಾಸ್ತ್ರಕ್ಕೆ ಮುನ್ನ ತತ್ತ್ವಶಾಸ್ತ್ರವನ್ನು ಓದಿಸುತ್ತದೆ. ಯೌವನದಲ್ಲಿ ಶಾಲಾ ಬಾಲಕರಿಗೆ ಸಾಹಿತ್ಯ ಕಲಿಸಿದ್ದ ಪೋಪ್ ಫ್ರಾನ್ಸಿಸ್ 2024ರಲ್ಲಿ ಒಂದು ಪತ್ರ ಬರೆದು, ಕಾದಂಬರಿ, ಕಾವ್ಯಗಳ ಓದು ಗುರುಗಳಿಗಷ್ಟೇ ಅಲ್ಲ, ಎಲ್ಲ ಕ್ರೈಸ್ತರಿಗೂ ಬೇಕೆಂದರು. ಅನ್ಯರ ಅಂತರಂಗದ ದನಿಯನ್ನು ಆಲಿಸಲು ಅದು ಕಲಿಸುತ್ತದೆಂಬುದು ಅವರ ವಾದ.

ಈ ಆಲಿಸುವಿಕೆಯ ಕೊರತೆ ನಮ್ಮ ನಾಲೆಗಳಲ್ಲಿಯೇ ಕಾಣುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲಿಯೇ ಒಂದು ವಾರದೊಳಗೆ ತಾತ್ಕಾಲಿಕ ತಡೆ ಅಳವಡಿಸಿದ ತಂತ್ರಜ್ಞರಿಗೆ ನಾವು ಕೃತಜ್ಞರು. ಆದರೆ ಉಳಿದ ನೀರು ಯಾರಿಗೆಂಬ ಪ್ರಶ್ನೆಗೆ ಗೇಟು ಉತ್ತರಿಸದು. ಎಡದಂಡೆ ನಾಲೆಯನ್ನು ಯೋಜಿಸಿದ್ದು ವಿಸ್ತಾರವಾದ ಒಣ ಸೀಮೆಗೆ ಅಲ್ಪಸ್ವಲ್ಪ ನೀರುಣಿಸಿ ಲಘು ಬೆಳೆಗಳನ್ನು ಉಳಿಸಲು; ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೊನೆಯಂಚಿನ ರೈತ ಬರಿಗಾಲುವೆ ನೋಡುತ್ತ ಕುಳಿತ. ಇದು ಹೇಗಾಯಿತು, ಯಾವ ನಿಯಮ ಎಲ್ಲಿ ಸಡಿಲಿತು, ನ್ಯಾಯವಾದ ಪಾಲು ಯಾವುದು ಎಂಬುದನ್ನು ದಾಖಲೆ ಓದಿ, ಎರಡೂ ಕಡೆಯವರ ಮಾತು ಕೇಳಿ, ತಿಳಿಗನ್ನಡದಲ್ಲಿ ಬರೆದು ಅಧಿಕಾರಿಗಳ ಮುಂದಿಡಬಲ್ಲ ಎಷ್ಟು ಮಂದಿ ಯುವಕರನ್ನು ನಮ್ಮ ಈ ಮೂರು ತಾಲ್ಲೂಕುಗಳು ಸಿದ್ಧಪಡಿಸುತ್ತಿವೆ?