ಗೋಡೆ ಮೇಲಿನ ಗ್ಯಾರಂಟಿ, ಮನೆಯೊಳಗಿನ ಗುಮಾನಿ

ಬಸ್ಸು ತಡವಾದರೆ ಗೋಡೆ ಓದುವುದು ಪ್ರಯಾಣಿಕರ ಹಳೇ ಚಟ. ಬೈಲಹೊಂಗಲವಿರಲಿ ಕಿತ್ತೂರಿರಲಿ, ಸವದತ್ತಿ-ರಾಮದುರ್ಗಗಳಿರಲಿ, ಗುಪ್ತರೋಗಕ್ಕೆ ಗ್ಯಾರಂಟಿ ಇಲಾಜು ಎಂಬ ಚೀಟಿ ಕಾಣದೆ ಮನೆ ಮುಟ್ಟಿದವರುಂಟೆ? ಇಂಥ ಆಕ್ಷೇಪಾರ್ಹ ಜಾಹೀರಾತುಗಳನ್ನು 1954ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ಚೀಟಿ ಮಾತ್ರ ಅಳಿದಿಲ್ಲ. ಯಾಕೆಂದರೆ ವ್ಯಾಪಾರ ಜೋರಿದೆ. ಈ ಅಂಗಡಿಗೆ ಬರುವ ಗಿರಾಕಿ ತಲೆ ತಗ್ಗಿಸಿಯೇ ಬರುತ್ತಾನೆ. ಚೌಕಾಶಿ ಮಾಡುವುದಿಲ್ಲ, ರಶೀದಿ ಕೇಳುವುದಿಲ್ಲ, ಮೋಸ ಹೋದರೆ ಯಾರ ಮುಂದೂ ಹೇಳುವುದಿಲ್ಲ.

ಈ ವ್ಯಾಪಾರದ ಗುಟ್ಟು ತಿಳಿಯಲು ಜನನಾಂಗದ ಹರ್ಪಿಸ್ ಎಂಬ ಬೇನೆಯೊಂದನ್ನು ನೋಡಿದರೆ ಸಾಕು. ಮೊದಲ ಸಲ ಸಣ್ಣ ಸಣ್ಣ ನೀರುಗುಳ್ಳೆ ಎದ್ದು, ಒಡೆದು ಹುಣ್ಣಾಗುತ್ತವೆ. ಮೂತ್ರಕ್ಕೆ ಹೋದರೆ ಉರಿ. ಕೆಲವರಿಗೆ ಜ್ವರ, ತೊಡೆಸಂದಿನಲ್ಲಿ ಗಂಟು. ಔಷಧ ಇರಲಿ ಬಿಡಲಿ, ಎರಡರಿಂದ ನಾಲ್ಕು ವಾರಗಳಲ್ಲಿ ಹುಣ್ಣು ಮಾಯುತ್ತದೆ. ಅಷ್ಟರಲ್ಲಿ ಲಾಡ್ಜಿನ ವೈದ್ಯನ ಪುಡಿ ಹೊಟ್ಟೆ ಸೇರಿರುತ್ತದೆ. ಹೆಸರು ಪುಡಿಗೆ! ವೈರಸ್ಸು ಮಾತ್ರ ಎಲ್ಲಿಯೂ ಹೋಗಿರುವುದಿಲ್ಲ. ಬೆನ್ನುಹುರಿಯ ಬುಡದ ನರಗಂಟಿನಲ್ಲಿ ಅಡಗಿ ಕೂತು, ಜ್ವರ, ದಣಿವು, ಚಿಂತೆ, ಮುಟ್ಟಿನ ವೇಳೆಗೆ ಮತ್ತೆ ತಲೆ ಎತ್ತುತ್ತದೆ. ಆಗ "ಉಷ್ಣ ಆಗೇತ್ರಿ" ಎಂದು ಎಳನೀರು ಕುಡಿಯುವವರುಂಟು, ಸರ್ಪಸುತ್ತೆಂದು ಕೆಮ್ಮಣ್ಣು ಬಳಿಸಿಕೊಳ್ಳುವವರುಂಟು. ಇದು ಉಷ್ಣವಲ್ಲ. ಸರ್ಪಸುತ್ತಿನ ವೈರಸ್ಸು ಇದೇ ಕುಲದ್ದಾದರೂ ಬೇರೆಯದು.

ದೊಡ್ಡ ಅನಾಹುತ ನಡೆಯುವುದು ಮನೆಯೊಳಗೆ. ಮದುವೆಯಾಗಿ ಹತ್ತು ವರ್ಷದ ಮೇಲೆ ಒಬ್ಬರಿಗೆ ಗುಳ್ಳೆ ಎದ್ದಿತೆನ್ನಿ. "ಎಲ್ಲಿ ಹೋಗಿದ್ದಿ, ಖರೆ ಹೇಳು" ಎಂಬ ಜಗಳ ಶುರು. ಹೆಣ್ಣಿಗೆ ಬಂದಿದ್ದರಂತೂ ಆಕೆ ತವರಿನ ಬಸ್ಸು ಹತ್ತುವುದೇ ಬಾಕಿ. ಆದರೆ ಹುಣ್ಣು ಸಾಕ್ಷಿ ಅಲ್ಲ. ಈ ವೈರಸ್ಸು ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಕಾಣಿಸಿಕೊಳ್ಳಬಹುದು. ಹೆಚ್ಚಿನವರಿಗೆ ತಮ್ಮ ಮೈಯಲ್ಲಿ ಅದಿರುವುದೇ ಗೊತ್ತಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಂತೆ ಜಗತ್ತಿನಲ್ಲಿ 15ರಿಂದ 49 ವರ್ಷದ ಸುಮಾರು 52 ಕೋಟಿ ಮಂದಿಗೆ ಇದರ ಎರಡನೇ ಬಗೆಯ ವೈರಸ್ಸು ತಗುಲಿದೆ. ತುಟಿ ಬದಿಗೆ ಜ್ವರದ ಗುಳ್ಳೆ ಎಬ್ಬಿಸುವ ಮೊದಲನೇ ಬಗೆಯೂ ಬಾಯಿಯ ಸಂಪರ್ಕದಿಂದ ಜನನಾಂಗಕ್ಕೆ ದಾಟಬಲ್ಲದು. ಯಾರಿಂದ, ಯಾವಾಗ ಬಂತೆಂದು ಗುಳ್ಳೆ ನೋಡಿ ಹೇಳಲು ಯಾವ ಡಾಕ್ಟರಿಗೂ ಆಗದು.

ಇದು ಹರಡುವುದು ಚರ್ಮಕ್ಕೆ ಚರ್ಮ ತಾಗುವ ಲೈಂಗಿಕ ಸಂಪರ್ಕದಿಂದ. ಗುಳ್ಳೆ ಇದ್ದಾಗ ಅಪಾಯ ಹೆಚ್ಚು, ಆಗ ದೂರವಿರಬೇಕು, ಇಲ್ಲದಾಗಲೂ ಹರಡೀತು. ಬಸ್ಸಿನ ಸೀಟಿನಿಂದ, ಪಾಯಖಾನೆಯಿಂದ ಬರುವುದಿಲ್ಲ. ನಿರೋಧ್ ಬಳಸಿದರೆ ಅಪಾಯ ತಗ್ಗುತ್ತದೆ, ಪೂರ್ತಿ ತಪ್ಪುವುದಿಲ್ಲ. ಎರಡನೇ ಬಗೆಯ ವೈರಸ್ಸು ಇದ್ದವರಿಗೆ ಎಚ್‌ಐವಿ ತಗಲುವ ಸಂಭವ ಸುಮಾರು ಮೂರು ಪಟ್ಟು. ಬಸುರಿ ಹೆಣ್ಣುಮಗಳಿಗೆ ಗುಳ್ಳೆ ಬಂದರೆ ಡಾಕ್ಟರಿಗೆ ಹೇಳಲೇಬೇಕು. ಹೆರಿಗೆಯಲ್ಲಿ ಕೂಸಿಗೆ ತಗಲುವುದು ಅಪರೂಪ, ತಗುಲಿದರೆ ಜೀವಕ್ಕೆ ಸಂಚಕಾರ.

ಈ ವೈರಸ್ಸನ್ನು ಬೇರುಸಹಿತ ಕೀಳುವ ಔಷಧ ಇಲ್ಲ, ಲಸಿಕೆಯೂ ಇಲ್ಲ. ಅಂದಮೇಲೆ ಗ್ಯಾರಂಟಿ ಎಂಬ ಮಾತೇ ಸುಳ್ಳು. ಬೇಗ ಶುರು ಮಾಡಿದರೆ ಅಸೈಕ್ಲೋವಿರ್ ಗುಳಿಗೆ ನೋವು ತಗ್ಗಿಸುತ್ತದೆ, ಹುಣ್ಣು ಬೇಗ ಮಾಯಿಸುತ್ತದೆ. ಸರಕಾರಿ ದವಾಖಾನೆಯ ಸುರಕ್ಷಾ ಕ್ಲಿನಿಕ್ಕಿನಲ್ಲಿ ಇದು ಕೆಂಪು ಪೊಟ್ಟಣದಲ್ಲಿ ಪುಕ್ಕಟೆ. ಅಲ್ಲಿ ಸಿಫಿಲಿಸ್, ಎಚ್‌ಐವಿಗೂ ರಕ್ತ ನೋಡುತ್ತಾರೆ. ಸಿಫಿಲಿಸ್ ಪೆನಿಸಿಲಿನ್ನಿಗೆ ಗುಣವಾಗುವ ರೋಗ; ಲಾಡ್ಜಿನ ಪುಡಿ ನಂಬಿ ಕೂತವರು ಅದನ್ನೂ ಒಳಗೇ ಬೆಳೆಸಿಕೊಂಡಾರು. ಸಂಕೋಚವಿದ್ದವರಿಗೆ 1097 ಎಂಬ ಪುಕ್ಕಟೆ ಸಹಾಯವಾಣಿಯೂ ಉಂಟು.

ಆದರೆ ಪಾಳಿಯಲ್ಲಿ ಹಿಂದೆ ಸೋದರಮಾವ, ಮುಂದೆ ಓಣಿಯ ಹಿರಿಯರು ನಿಂತಾಗ ಯಾರು ಬಾಯಿ ಬಿಟ್ಟಾರು? ತಾಲೂಕಾ ದವಾಖಾನೆಗಳಲ್ಲಿ ಗುಟ್ಟಾಗಿ ಮಾತಾಡಲು ಬಾಗಿಲಿರುವ ಒಂದು ಕೋಣೆ ಬೇಕು, ಹೆಣ್ಣುಮಕ್ಕಳ ಮಾತು ಕೇಳಲು ಹೆಣ್ಣುಮಗಳೇ ಬೇಕು. ಪುರಸಭೆಯವರು ಗೋಡೆಯ ಚೀಟಿ ಕೆರೆಸಿ, ಅದೇ ಜಾಗದಲ್ಲಿ ಸರಕಾರಿ ಕ್ಲಿನಿಕ್ಕಿನ ವಿಳಾಸ, ವೇಳೆ ಬರೆಸಲಿ. ಖರ್ಚು ಒಂದು ಡಬ್ಬಿ ಬಣ್ಣ. ಬಸ್ಸು ಕಾಯುವ ಮಂದಿ ಹೇಗೂ ಗೋಡೆ ಓದುತ್ತಾರೆ. ಖರೆ ಮಾತು ಓದಲಿ.